ಫಂಡಿನ ಹಲ್ಲು ನೋಡದ ಪರಪ್ಪನ ಬಿನ್ನಹ

ಬಸವನ ಬಾಗೇವಾಡಿ,
೧೨ ಜೂನ್ ೨೦೦೧

ಮಾನ್ಯರೇ,

ಮ್ಯೂಚುವಲ್ ಫಂಡುಗಳಿಗೆ ನಕ್ಷತ್ರ ಹಂಚುವ ತಮ್ಮ ಘನ ಸಂಸ್ಥೆಗೆ, ಇಲ್ಲಿನ ದನದ ದವಾಖಾನೆಯಲ್ಲಿ ಮೂವತ್ತೊಂದು ವರ್ಷ ಕಂಪೌಂಡರನಾಗಿದ್ದು ನಿವೃತ್ತನಾದ ಪರಪ್ಪನ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ನಮ್ಮ ಯೂನಿಟ್ಟುಗಳ ಕ್ಷೇಮವನ್ನು ತಾವೇ ಬಲ್ಲಿರಿ.

ನಮ್ಮ ಮಣ್ಣಿನ ಮಾಳಿಗೆ ಸೋರುತ್ತದೆ. ನಿವೃತ್ತಿಯ ಹಣದಲ್ಲಿ ಸ್ಲ್ಯಾಬ್ ಹಾಕಿಸುವೆನೆಂದು ಮಡದಿ ಇಂದುಬಾಯಿಗೆ ಮಾತು ಕೊಟ್ಟಿದ್ದೆ. ಅಷ್ಟರಲ್ಲಿ ಸಿಂದಗಿಯ ಏಜೆಂಟರೊಬ್ಬರು ಹೋದ ವರ್ಷದ ಫೆಬ್ರವರಿಯಲ್ಲಿ ಬಂದು, ಕಂಪ್ಯೂಟರ್ ಕಂಪನಿಗಳ ಷೇರು ಕೊಳ್ಳುವ ಒಂದು ಫಂಡಿನ ಹೆಸರಿನ ಮುಂದೆ, ಅದರ ಹಿಂದಿನ ಗಳಿಕೆ ನೋಡಿ ತಾವು ಅಚ್ಚು ಹಾಕಿಸಿದ ಐದು ನಕ್ಷತ್ರಗಳನ್ನು ತೋರಿಸಿದರು. ಎರಡು ವರ್ಷ ತಡೆದರೆ ಸ್ಲ್ಯಾಬಿನ ಮೇಲೊಂದು ಕೋಣೆಯೂ ಏಳುತ್ತದೆಂದು ಲೆಕ್ಕ ಹಾಕಿ, ಐವತ್ತು ಸಾವಿರವನ್ನೂ ಅದೊಂದಕ್ಕೇ ಸುರಿದೆ. ಹತ್ತು ರೂಪಾಯಿಯ ಯೂನಿಟ್ಟು ಈಗ ಮೂರೂಮುಕ್ಕಾಲಿಗೆ ಬಂದು ವಿಶ್ರಾಂತಿ ಪಡೆಯುತ್ತಿದೆ.

ಆದರೂ ತಮ್ಮ ಕಾರ್ಯದಕ್ಷತೆಯನ್ನು ಎಷ್ಟು ಹೊಗಳಿದರೂ ಸಾಲದು. ಫಂಡು ಪೂರ್ತಿ ಮಲಗಿದ ಮೇಲೆ, ಹೋದ ತಿಂಗಳು, ಅದಕ್ಕೆ ಎರಡೇ ನಕ್ಷತ್ರವೆಂದು ತಪ್ಪದೇ ಪ್ರಕಟಿಸಿದಿರಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕೂ ಧೈರ್ಯ ಬೇಕು.

ತಮ್ಮ ಮೇಲಿನ ಸಿಟ್ಟಿಗಿಂತ ನನ್ನ ಬಗ್ಗೆ ನನಗಾದ ನಾಚಿಕೆಯೇ ದೊಡ್ಡದು. ನಮ್ಮ ಸಂತೆಯಲ್ಲಿ ಎತ್ತು ಕೊಳ್ಳುವವನು ಬಾಯಿ ತೆಗೆಸಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ತುಂಬಿದ ಗಾಡಿಗೆ ಹೂಡಿ ಏರು ಹತ್ತಿಸುತ್ತಾನೆ. ಹೋದ ಸಲ ಬಹುಮಾನ ಗೆದ್ದ ಎತ್ತಿಗೂ ಈ ಪರೀಕ್ಷೆ ತಪ್ಪಿದ್ದಲ್ಲ. ಬಿತ್ತನೆಗೆ ಬೇಕೋ, ಭಾರ ಎಳೆಯಲು ಬೇಕೋ ಎಂದು ಮಾರುವವನೂ ಕೇಳುತ್ತಾನೆ. ಸ್ಲ್ಯಾಬಿಗೆ ಯಾವಾಗ ಹಣ ಬೇಕೆಂದು ತಮ್ಮ ನಕ್ಷತ್ರಗಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೊನ್ನೆಯ ಮಳೆಯಲ್ಲಿ ಹಿಟ್ಟಿನ ಡಬ್ಬಿಯ ಮೇಲೆ ಸೋರುವ ನೀರಿಗೆ ಪರಾತ ಇಡುತ್ತ ಇಂದುಬಾಯಿ ಅಂದಳು: “ಊರಾಗಿನ ಎಲ್ಲಾ ಎತ್ತಿನ ಬಾಯಾಗ ಕೈ ಹಾಕಿ ಬಂದೀರಿ. ಇದರ ಬಾಯಿ ಎಲ್ಲೈತಿ ಅಂತ ಒಂದ ಮಾತರ ಕೇಳಬಾರದಾಗಿತ್ತೇನ್ರಿ?” ನಾನು ಇನ್ನೊಂದು ಪರಾತ ತಂದುಕೊಟ್ಟೆ.

ಆದ್ದರಿಂದ ತಾವು ದಯಮಾಡಿ ಮುಂದಿನ ಫಂಡನ್ನು ಒಂದು ದಿನದ ಮಟ್ಟಿಗೆ ಬಾಗೇವಾಡಿಗೆ ಕಳಿಸಿಕೊಡಬೇಕು. ಹೊಟ್ಟು, ಹಿಂಡಿ ನಮ್ಮದೇ. ಮುಳವಾಡದ ಏರಿನಲ್ಲಿ ಜೋಳದ ಚೀಲ ಹೇರಿ ಹೂಡಿ ನೋಡುತ್ತೇವೆ. ಅದು ಕಷ್ಟವೆನಿಸಿದರೆ ಬರುವ ವರ್ಷದ ನಕ್ಷತ್ರಗಳನ್ನಾದರೂ ಈ ವರ್ಷವೇ ತಿಳಿಸುವ ಕೃಪೆಯಾಗಲಿ.

ತಮ್ಮ ವಿಶ್ವಾಸಿ
(ತಮ್ಮ ನಕ್ಷತ್ರಗಳ ಮಾತು ಬೇರೆ),
ಪರಪ್ಪ

ತಾ.ಕ.: ನಮ್ಮ ಮನೆಯ ಎತ್ತೊಂದು ಮಾರಾಟಕ್ಕಿದೆ. ಜಾನುವಾರು ಪ್ರದರ್ಶನದಲ್ಲಿ ಸತತ ಮೂರು ವರ್ಷ ಮೊದಲ ಬಹುಮಾನ ಗೆದ್ದದ್ದು, ಪ್ರಮಾಣಪತ್ರಗಳನ್ನು ಲಗತ್ತಿಸಿದ್ದೇನೆ. ಬೆಲೆ ಐವತ್ತು ಸಾವಿರ, ಸರಿಯಾಗಿ ಒಂದು ಸ್ಲ್ಯಾಬಿನಷ್ಟು. ಹಣವನ್ನು ಮೊದಲು ಕಳಿಸಿರಿ. ಹಲ್ಲು ನೋಡಲು ತಾವು ಇಷ್ಟು ದೂರ ಬರುವ ತೊಂದರೆ ತೆಗೆದುಕೊಳ್ಳಬೇಡಿರಿ, ಈಗ ಅದಕ್ಕೆ ಹಲ್ಲೇ ಇಲ್ಲ.