ಯಾವ ದೇಶದ ಲೆಕ್ಕದಾಗ ನೌಕರ?

ಜನರನ್ನು ‘ನೀವೇನು ಕೆಲಸ ಮಾಡ್ತೀರಿ?’ ಎಂದು ಕೇಳುವುದೇ ಯಾರ ಕೆಲಸವೋ ಅವನಿಗೆ ಇಂಥ ಫಜೀತಿಗಳು ಆಗುತ್ತಲೇ ಇರುತ್ತವೆ. ಎಂಬತ್ತರ ದಶಕದ ಮೊದಲಲ್ಲಿ, ಅರ್ಥಶಾಸ್ತ್ರದ ಎಂ.ಎ. ಮಾಡಿದ್ದಕ್ಕೆ ಗದಗಿನಲ್ಲಿ ನನಗೆ ಸಿಕ್ಕ ಹಂಗಾಮಿ ನೌಕರಿ ಇದು: ಸರಕಾರಿ ಸಮೀಕ್ಷೆಗಾಗಿ ಮನೆಮನೆಗೆ ಹೋಗಿ ಜನರನ್ನು ಮಾಲೀಕ, ನೌಕರ, ಸ್ವಂತ ಉದ್ಯೋಗಿ, ಪಗಾರಿಲ್ಲದೆ ಮನೆಯವರಿಗೆ ದುಡಿಯುವವ, ನಿರುದ್ಯೋಗಿ ಎಂಬ ಕಾಲಮ್ಮುಗಳಿಗೆ ತುಂಬುವುದು. ಬೇರೆ ದೇಶಗಳು ಇದನ್ನು ಹೇಗೆ ತುಂಬುತ್ತವೆ ಎಂಬ ಟಿಪ್ಪಣಿಯನ್ನೂ ಸಾಹೇಬರು ನನ್ನ ಕೊರಳಿಗೇ ಕಟ್ಟಿದ್ದರು.

ಅದೇ ಹೊತ್ತಿಗೆ ಅವ್ವ ಲಕ್ಷ್ಮೇಶ್ವರದಲ್ಲಿ ಒಂದು ಹೆಣ್ಣು ನೋಡಿದ್ದಳು. ನನಗೂ ಒಪ್ಪಿಗೆಯಾಗಿತ್ತು; ನನಗೆ ಯಾವುದಾದರೂ ಒಪ್ಪಿಗೆಯಾಗುವುದು ಅಪರೂಪ. ಹೆಣ್ಣಿನ ತಂದೆ ಮಾತ್ರ, ‘ಹುಡುಗನ ನೌಕರಿ ಎಂಥಾದ್ದು ಅನ್ನೂದು ಮೊದಲ ತಿಳೀಲಿ’ ಎಂದು ತಡೆದಿದ್ದರು.

ಬೆಟಗೇರಿಯ ಮಗ್ಗ

ನೇಕಾರ ಸೀರೆ ನೇಯುತ್ತಿದ್ದ. ಪಕ್ಕದಲ್ಲಿ ಹೆಂಡತಿ ರಾಟೆ ತಿರುಗಿಸಿ ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು.

‘ನಿಮ್ಮ ಮನಿಯವ್ರು ಏನ್ ಮಾಡ್ತಾರ್ರಿ?’

‘ಏನೂ ಇಲ್ರಿ. ಮನ್ಯಾಗ ಇರ್ತಾಳ.’

ರಾಟೆ ನಿಂತಿತು. ಸ್ವಲ್ಪ ಹೊತ್ತಿಗೆ ಲಾಳಿಯ ನೂಲು ತೀರಿ ಮಗ್ಗವೂ ನಿಂತಿತು.

‘ಕಂಡಿಕಿ ಕೊಡು’ ಎಂದ.

‘ನಾ ಏನೂ ಮಾಡೂದಿಲ್ಲಲ್ಲ!’

ಜಗಳ ತಣಿಸಲು ನನ್ನ ಟಿಪ್ಪಣಿಯ ಜ್ಞಾನ ತೆಗೆದೆ. ಇಂಥವರು ಕೆಲವು ದೇಶಗಳಲ್ಲಿ ವಾರಕ್ಕೆ ಇಷ್ಟು ತಾಸು ಎಂದು ದುಡಿದರೆ ಮಾತ್ರ ಕೆಲಸಗಾರರು. ಇನ್ನು ಕೆಲವೆಡೆ ವಾರಕ್ಕೆ ಒಂದೇ ತಾಸು ದುಡಿದರೂ ಸಾಕು.

ಆಕೆ ಸೆರಗು ಕೊಡವಿ ಎದ್ದಳು. ‘ಆ ಊರಿಗೆ ಬಸ್ ಎಷ್ಟಕ್ಕ ಐತ್ರಿ?’

ಶಿರಹಟ್ಟಿಯ ಕಟ್ಟೆ

ಬಿ.ಎ. ಮುಗಿಸಿದವನೊಬ್ಬ ಕಟ್ಟೆಯ ಮೇಲೆ ಕೂತಿದ್ದ. ಹೋದ ವಾರ ಕೆಲಸ ಹುಡುಕಿದೆಯಾ ಎಂದು ಕೇಳಿದೆ.

‘ಎಲ್ಲಿ ಹುಡುಕ್ಲಿರಿ? ಇದ್ದಷ್ಟೂ ಬಾಗಿಲಾ ಎಂದೋ ಬಡಿದಾತು.’

ಹುಡುಕದವನು ನಿರುದ್ಯೋಗಿಯಲ್ಲ. ಇದೊಂದರಲ್ಲಿ ಬಹಳಷ್ಟು ದೇಶಗಳು ಒಮ್ಮತದಿಂದಿವೆ. ಹಾಗೆಂದು ಹೇಳಿದ್ದೇ ತಡ, ಓಡಿಹೋಗಿ ಅಪ್ಪನನ್ನು ಎಳೆದುತಂದ.

‘ಅಪ್ಪಾ, ನಾ ನಿರುದ್ಯೋಗಿ ಅಲ್ಲಂತ. ಸರಕಾರದವ್ರ ಹೇಳಾಕತ್ತಾರ!’

ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ. ‘ಖರೆ ಏನ್ರಿ?’

‘ಖರೆ.’

‘ಆತು. ಹಂಗಾರ ಇವತ್ತಿಂದ ಊಟಕ್ಕ ಇಂವನ್ನ ನಿಮ್ಮ ಮನಿಗೇ ಕರಕೊಂಡ ಹೋಗ್ರಿ.’

ಲಕ್ಷ್ಮೇಶ್ವರದ ಪಡಸಾಲೆ

ಕೊನೆಗೆ ಹೆಣ್ಣಿನ ತಂದೆಯೇ ಕರೆಸಿದರು. ಗುಡಿಯ ಪೂಜೆಯ ಮನೆತನ.

‘ನೌಕರಿ ಕಾಯಂ ಏನ್ರಿ?’

ಒಂದು ಸಮೀಕ್ಷೆ ಮುಗಿದರೆ ಬಿಡಿಸುತ್ತಾರೆ, ಇನ್ನೊಂದಕ್ಕೆ ಮತ್ತೆ ಕರೆಯುತ್ತಾರೆ. ಸುಳ್ಳು ಹೇಳುವ ಉತ್ಸಾಹವೂ ಉಳಿದಿರಲಿಲ್ಲ. ‘ಒಂದ ದೇಶದ ಲೆಕ್ಕದಾಗ ನಾ ನೌಕರ್ರಿ. ಇನ್ನೊಂದ್ರಾಗ ಬರೇ ಹಂಗಾಮಿ ಆಳು. ಮತ್ತೊಂದ್ರಾಗ ನಡುನಡುವ ನಿರುದ್ಯೋಗಿ.’

‘ನಾವು ಹೆಣ್ಣ ಕೊಡೂದು ಲಕ್ಷ್ಮೇಶ್ವರದ ಲೆಕ್ಕದಾಗ್ರಿ’ ಎಂದರು. ಮುಗಿಯಿತು ಎಂದುಕೊಂಡು ಚಪ್ಪಲಿ ಕಡೆ ನೋಡಿದೆ. ಅವರಿಗೆ ಮಾತ್ರ ಕುತೂಹಲ. ‘ಅಲ್ಲಾ, ನಿಮ್ಮ ಲೆಕ್ಕದಾಗ ನಾ ಏನ್ ಆಗ್ತೇನಿ?’

ಅಭ್ಯಾಸಬಲದಿಂದ ಕೇಳಿದೆ: ‘ಹೋದ ವಾರ ಪೂಜಿ ಮಾಡಿದ್ರ್ಯಾ?’

‘ಇಲ್ಲ. ಪೂಜಿ ದಾಯಾದಿಗಳೊಳಗ ಪಾಳಿ ಮ್ಯಾಲೆ. ನಂದು ವರ್ಷಕ್ಕ ಒಂದ ತಿಂಗಳು.’

‘ಬ್ಯಾರೆ ಕೆಲಸ ಹುಡುಕಿದ್ರ್ಯಾ?’

‘ಛೇ! ದೇವರ ಕೆಲಸ ಇರೋವ್ರು ಹುಡುಕ್ತಾರೇನು?’

‘ಹಂಗಾದ್ರ ನೀವು ದುಡಿಯೋವ್ರೂ ಅಲ್ಲ, ನಿರುದ್ಯೋಗಿನೂ ಅಲ್ರಿ.’

ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಬಂತು: ‘ನನ್ನ ಕೊಡೂಮುಂದ ನಮ್ಮಪ್ಪ ಒಂದ ದೇಶದ ಲೆಕ್ಕನಾದ್ರೂ ನೋಡಿದ್ರ, ನಾ ಇವತ್ತ ಇಲ್ಲಿ ಒಲಿ ಊದತಿದ್ದಿಲ್ಲ!’

ಒಳಗೆ ಹುಡುಗಿ ನಕ್ಕದ್ದು ಕೇಳಿಸಿತು. ಯಜಮಾನರು ಗಂಭೀರವಾಗಿ ಪಂಚಾಂಗ ಎಳೆದುಕೊಂಡರು.

‘ಆತು, ಮುಹೂರ್ತ ನೋಡೂಣು. ಆದ್ರ ನನ್ನ ಪಾಳಿ ಇರೋ ತಿಂಗಳು ಬ್ಯಾಡ, ಪುರುಸೊತ್ತು ಇರೂದಿಲ್ಲ.’

ಮುಹೂರ್ತ ಸಿಗುವುದು ಕಷ್ಟವಾಗಲಿಲ್ಲ. ಉಳಿದ ಹನ್ನೊಂದೂ ತಿಂಗಳು ಖಾಲಿಯಿದ್ದವು.