ನನ್ನವಳ ಸೀರೆಯಂಚಿನ ಸೇತುವೆ

ತನ್ನ ಕೈಕೆಲಸವನ್ನು ತಾನೇ ಹೊಗಳಿಕೊಳ್ಳಬಾರದು ಎನ್ನುತ್ತಾರೆ. ಬೇರೆಯವರು ಹೊಗಳುವವರೆಗೂ ಕಾಯುವ ತಾಳ್ಮೆ ಇರುವವರ ಮಾತದು. ನನಗಿಲ್ಲ. ಮಳವಳ್ಳಿಯಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದ ನಾನು ವರ್ಷವಿಡೀ ಮಕ್ಕಳಿಂದ ಹೂಜಿ, ಮಾವಿನಕಾಯಿ ಬರೆಸಿ ಬರೆಸಿ, ಲೋಕ ಮೆಚ್ಚುವಂಥದ್ದೇನಾದರೂ ಮಾಡಬೇಕೆಂದು ಹಂಬಲಿಸುತ್ತಿದ್ದೆ.

ಯುದ್ಧದ ಕಾಲ, ಬಟ್ಟೆಗೆ ಬರ. ಅಂಥದ್ದರಲ್ಲಿ ನಾದಿನಿಯ ಮದುವೆ ಗೊತ್ತಾಯಿತು. ಅಲೆದಲೆದು ನಾನು ತಂದದ್ದು ಅಂಚಿಲ್ಲದ ಬಿಳಿ ಖಾದಿ ಸೀರೆ. "ಮುತ್ತೈದೆ ನಾನು, ತವರಿನೋರ ಮುಂದೆ ಇದುಟ್ಕೊಂಡು ಎಂಗೆ ನಿಂತ್ಕಳ್ಳಲಿ?" ಎಂದು ನನ್ನ ಹೆಂಡತಿ ತಾಯಮ್ಮ ಕಣ್ಣು ತುಂಬಿಕೊಂಡಳು. ಅವಳ ತವರು ಶಿವನಸಮುದ್ರದ ನಡುಗಡ್ಡೆ. ಕಾವೇರಿ ದಾಟಿ ಅಲ್ಲಿಗೆ ಹೋಗುವ ಹಳೆಯ ಕಲ್ಲುಕಂಬದ ಸೇತುವೆಯೆಂದರೆ ಅವಳಿಗೆ ಪ್ರಾಣ. ಅದನ್ನೇ ಅಂಚಿಗೆ ಅಚ್ಚೊತ್ತಿಕೊಡುತ್ತೇನೆಂದು ಮಾತು ಕೊಟ್ಟೆ. ಹದಿನೈದು ದಿನ ತೇಗದ ಹಲಗೆಯ ಮೇಲೆ ಕಂಬಕಂಬವನ್ನೂ ಕೆತ್ತಿದೆ, ಎರಡು ಬೆರಳು ಕೊಯ್ದುಕೊಂಡೆ. ಸೀರೆಯನ್ನು ಮೇಜಿನ ಮೇಲೆ ಹಾಸಿ, ಉದ್ದಕ್ಕೂ ನೀಲಿ ಸೇತುವೆ ಕಟ್ಟಿದೆ. ನಿಜವಾದ ಸೇತುವೆ ಕಟ್ಟಿಸಿದವರಿಗೂ ಅಷ್ಟು ಹೆಮ್ಮೆಯಾಗಿತ್ತೋ ಇಲ್ಲವೋ!

ಮದುವೆಯ ದಿನ ಬೆಳಿಗ್ಗೆ ತವರಿನ ಕೋಣೆಯಲ್ಲಿ ಸೀರೆ ಉಟ್ಟ ತಾಯಮ್ಮ ಕೂಗಿದಳು: "ಏನ್ರೀ, ಸೇತುವೆ ಮಗುಚ್ಕೊಂಡದೆ!"

ನೋಡುತ್ತೇನೆ, ಕಂಬಗಳೆಲ್ಲ ಆಕಾಶಕ್ಕೆ ಕಾಲೆತ್ತಿವೆ. ಅಚ್ಚೊತ್ತುವಾಗ ಅಂಚಿನ ಕಡೆ ನಿಲ್ಲದೆ ಮೇಜಿನ ಆಚೆ ಬದಿಗೆ ನಿಂತಿದ್ದೆ, ಮಹಾಶಿಲ್ಪಿ! "ಬೇಡ, ಹಳೇದನ್ನೇ ಉಡು" ಎಂದೆ, ತಲೆ ಎತ್ತದೆ. ಅವಳು ನನ್ನ ಬೆರಳಿನ ಗಾಯವನ್ನೊಮ್ಮೆ ನೋಡಿದಳು. "ಇದ್ನೇ ಉಟ್ಕತೀನಿ ಬುಡಿ. ನಗೋರು ನಗ್ಲಿ" ಎಂದು ನೆರಿಗೆ ಚಿಮ್ಮಿಸಿಕೊಂಡು ಹೊರಟೇಬಿಟ್ಟಳು.

ಚಪ್ಪರದಲ್ಲಿ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಆಗ ಅವಳ ದೊಡ್ಡಪ್ಪ ಎದ್ದು ಬಂದರು. ಹೊಳೆಯಲ್ಲಿ ಹರಿಗೋಲು ಹಾಕಿಯೇ ಮುದುಕರಾದವರು. ಬಗ್ಗಿ, ಅಂಚನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಯಾಕ್ರಮ್ಮಿ ನಗೀರಿ? ಅರಿಗೋಲ್ನಾಗೆ ಕುಂತು ನೋಡಿ, ನೀರಲ್ಲಿ ಸೇತುವೆ ಇಂಗೇ ಕಾಣಾದು. ಅಳಿಯಂದ್ರೇ, ನಮ್ಮ ಕಾವೇರೀನ ನಿಮ್ಮಂಗೆ ಇನ್ಯಾರೂ ನೋಡಿಲ್ಲ ಕಣಪ್ಪ!"

ಚಪ್ಪರವೆಲ್ಲ ನನ್ನತ್ತ ತಿರುಗಿತು. "ನೀರೊಳಗಿನ ನೆರಳನ್ನೇ ಹಿಡಿಯಬೇಕೆಂದಿದ್ದೆ" ಎಂದೆ, ಗಂಭೀರವಾಗಿ. ತಾಯಮ್ಮ ತುಟಿ ಕಚ್ಚಿ ನಗು ತಡೆದುಕೊಂಡಳು. ಆ ದಿನವಿಡೀ ಅವಳು ಬೇಕೆಂದೇ ಬಿಸಿಲಿಗೆ ಬಂದು, ಅಂಚು ಎಲ್ಲರಿಗೂ ಕಾಣುವಂತೆ ಓಡಾಡಿದಳು.

ಆಮೇಲೆ ಆ ನಡುಗಡ್ಡೆಯ ಹೆಂಗಸರು ಅಂಥದೇ ಅಂಚು ಬೇಕೆಂದು ಸೀರೆ ಕಳಿಸತೊಡಗಿದರು. ಪ್ರತಿಸಲವೂ ತಾಯಮ್ಮ ನನ್ನ ತೋಳು ಹಿಡಿದು ಮೇಜಿನ ತಪ್ಪು ಬದಿಗೆ ನಿಲ್ಲಿಸಿ, "ಈಗ ಒತ್ತಿ" ಎನ್ನುತ್ತಿದ್ದಳು. ಕಲಾವಿದ ನಾನೇ, ಅದರಲ್ಲಿ ಅನುಮಾನ ಬೇಡ. ಎಲ್ಲಿ ನಿಲ್ಲಬೇಕೆಂಬುದಷ್ಟೇ ಅವಳಿಗೆ ಗೊತ್ತಿತ್ತು.