ಮಾವನ ಪರವಾಗಿ ನನ್ನ ತೋಳು

ಈ ಬರಹದಲ್ಲಿ ಲೋಪದೋಷಗಳು ಕಂಡರೆ ಮನೆತನದ ಮೊದಲ ಪದವೀಧರನ ತಪ್ಪುಗಳೆಂದು ಮನ್ನಿಸಬೇಕು. ನನಗಿಂತ ಮೊದಲು ತಪ್ಪು ಬರೆದವರೂ ನಮ್ಮಲ್ಲಿ ಇಲ್ಲ. ಕಮಲಾಪುರದ ನನ್ನ ಸೋದರಮಾವ ಐದು ವರ್ಷ, ಪ್ರತಿ ತಿಂಗಳೂ ತಪ್ಪದೆ ರಕ್ತದೊತ್ತಡ ಪರೀಕ್ಷೆ ಮಾಡಿಸಿದರು. ಒಮ್ಮೆಯೂ ತಮ್ಮ ತೋಳು ಕೊಡಲಿಲ್ಲ!

ತಪ್ಪು ನನ್ನದೇ. ತೊಂಬತ್ತರ ದಶಕ, ನಾನು ಬಿ.ಎಸ್ಸಿ. ಮುಗಿಸಿದ ಹೊಸತು. ಅವ್ವನ ಅಪ್ಪ, ನನ್ನ ಅಜ್ಜ, ರಕ್ತದೊತ್ತಡ ಏರಿ ಲಕ್ವಾ ಹೊಡೆದು ತೀರಿಕೊಂಡಿದ್ದರಿಂದ ಅವ್ವನಿಗೆ ತಮ್ಮನದೇ ಚಿಂತೆ. ಅವಳ ಅಪ್ಪಣೆಯಂತೆ ಮಾವನ ತೋಟದಲ್ಲಿ ನಿಂತು ಅನುವಂಶೀಯತೆಯ ಉಪನ್ಯಾಸ ಕೊಟ್ಟೆ: ಅಧಿಕ ರಕ್ತದೊತ್ತಡದ ಅಪಾಯ ರಕ್ತಸಂಬಂಧದಲ್ಲಿ ಹರಿದುಬರುತ್ತದೆ, ಆದುದರಿಂದ ಪರೀಕ್ಷೆ ಅವಶ್ಯ. ಮಾವ ಕೆಂಪು ಬಾಳೆಯ ಗೊನೆಯೊಂದನ್ನು ತಟ್ಟಿದರು.

"ಗೊನಿ ರುಚಿ ನೋಡ್ಲಾಕ ಒಂದ ಹಣ್ಣ ಸಾಕಲ್ಲೇನು? ನೀ ಹೆಂಗೂ ಕಲಬುರಗ್ಯಾಗ ಇರ್ತಿ. ನಿಂದ ತೋರ್ಸು."

ಬಾಳೆ ಕಂದಿನಿಂದ ಹುಟ್ಟುತ್ತದೆ, ಮರಿ ತಾಯಿಯ ತದ್ರೂಪ. ಮನುಷ್ಯನಲ್ಲಿ ಪ್ರತಿ ಕೂಸಿನಲ್ಲೂ ತಂದೆತಾಯಿಯರ ಬೆರಕೆ ಬೇರೆ. ಈ ಉತ್ತರ ಹೊಳೆದದ್ದು ಮರಳುವ ಬಸ್ಸಿನಲ್ಲಿ! ಸಸ್ಯಶಾಸ್ತ್ರದಲ್ಲಿ ನನಗೆ ಪ್ರಥಮ ದರ್ಜೆಯೆಂದು ದಯವಿಟ್ಟು ಯಾರಿಗೂ ಹೇಳಬೇಡಿ. ಹಿರಿಯರಿಗೆ ಎದುರಾಡುವುದಂತೂ ಯಾವ ವರ್ಷದ ಪಠ್ಯದಲ್ಲೂ ಇರಲಿಲ್ಲ. ಹೀಗಾಗಿ ತಿಂಗಳಿಗೊಮ್ಮೆ ಕಲಬುರಗಿಯ ಜೇವರ್ಗಿ ಕಾಲೋನಿಯ ವೈದ್ಯರೆದುರು ಮಾವನ ಪರವಾಗಿ ತೋಳು ಚಾಚುತ್ತಿದ್ದೆ. ನನ್ನ ಒತ್ತಡ ಸರಿಯಿದೆಯೆಂಬ ಸುದ್ದಿ ಮುಟ್ಟಿದೊಡನೆ ಮಾವ ಉಪ್ಪಿನಕಾಯಿಯ ಹೊಸ ಭರಣಿ ತೆಗೆಯುತ್ತಿದ್ದರು. ನನ್ನ ಆರೋಗ್ಯದಿಂದ ಇನ್ನೊಬ್ಬರಿಗೆ ಇಷ್ಟು ಅಪಾಯವೆ?

ಕೊನೆಗೊಂದು ತಿಂಗಳು ವೈದ್ಯರು ಮೂರು ಸಲ ಅಳೆದು, ನನಗೆ ಗುಳಿಗೆ ಬರೆದು, ಉಪ್ಪು ಕಡಿಮೆ ಮಾಡಲು ಹೇಳಿದರು. ಮಾವನಿಗೆ ಸುದ್ದಿ ಕಳಿಸಿದೆ. ಈಗಲಾದರೂ ಹೆದರಿ ಬಂದಾರೆಂದು ಕಾದೆ, ಬರಲಿಲ್ಲ. ತಿಂಗಳ ನಂತರ ನಾನೇ ಕಮಲಾಪುರಕ್ಕೆ ಹೋದೆ. ಮಾವನ ತಾಟಿನಲ್ಲಿ ಸಪ್ಪನೆಯ ಬೇಳೆ, ರೊಟ್ಟಿ. ಸುದ್ದಿ ಬಂದ ದಿನದಿಂದ ಉಪ್ಪನ್ನೇ ಮುಟ್ಟಿಲ್ಲವೆಂದು ಅತ್ತೆ ದೂರಿದರು.

ಮಾವ ತಲೆ ಎತ್ತದೆ ಕೇಳಿದರು: "ನಾ ಬಿಟ್ಟೀನಿ. ನಿಂದು ಇಳದದೇನು?"

ಬಸ್ಸಿನವರೆಗೆ ಕಾಯದೆ, ಮೊದಲ ಬಾರಿಗೆ ಉತ್ತರ ಅಲ್ಲೇ ಹೊಳೆಯಿತು. "ನೀವು ಬಂದು ತೋಳ್ ಕೊಟ್ರ ಇಳೀತದ್ರೀ, ಮಾವಾ."

ಮರುದಿನವೇ ವೈದ್ಯರಲ್ಲಿಗೆ ಬಂದು ತೋಳು ಚಾಚಿದರು. ಅವರ ಒತ್ತಡ ನನ್ನದಕ್ಕಿಂತ ಬಹಳ ಹೆಚ್ಚಿತ್ತು.

ಅಂದಿನಿಂದ ಮಾವ ದಿನವೂ ಗುಳಿಗೆ ನುಂಗುತ್ತಾರೆ. ನಮ್ಮ ಮನೆತನದಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ತೋಳನ್ನು ತಾವೇ ತೋರಿಸುತ್ತಾರೆ. ಅಜ್ಜನ ನಂತರ ಯಾರಿಗೂ ಲಕ್ವಾ ಹೊಡೆದಿಲ್ಲ.